ಚಿಕ್ಕಪ್ಪನ ಬೇಸ್ ಗಿಟಾರ್, ಅತ್ತೆಯ ಬೀಟೆ ಮಂಚ

ಚಿಕ್ಕಪ್ಪ: (ಮುಂದಕ್ಕೆ ಕಳಿಸಿದ ಸಂದೇಶ) ಅಟ್ಟದಲ್ಲಿ ಹಳೆಯ ಬೇಸ್ ಗಿಟಾರ್ ಇದೆಯೇ? ಎಸೆಯಬೇಡಿ! 30 ಪೌಂಡಿಗೆ ಕೊಂಡದ್ದು 100 ಕೋಟಿ ರೂಪಾಯಿಗೆ ಮಾರಾಟ! ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನನ್ನ ಬೇಸನ್ನು ನನಗೆ ಹೇಳದೆ ಮಾರಿದವರು ಮೊದಲು ಓದಲಿ.

ದೊಡ್ಡಪ್ಪ: ಮನೆಯಲ್ಲಿ ತಂಗಿಯ ಮದುವೆ ಇತ್ತು. ನೀನು ಗಣಪತಿ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ಎಂದು ತಿರುಗುತ್ತಿದ್ದೆ. ಹಿರಿಯ ಮಗನ ಹೊಣೆ ನಿನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ಅತ್ತೆ: ನನ್ನ ಮದುವೆಯನ್ನು ಇದಕ್ಕೆ ಎಳೆಯಬೇಡಿ.

ರಘು ಅಣ್ಣ: ಚಿಕ್ಕಪ್ಪ, ಮಾರಿದವರು ಯಾರು, ಕೊಂಡವರು ಯಾರು? ಯಾವ ಹರಾಜು?

ಚಿಕ್ಕಪ್ಪ: ನಿನಗೆ ಎಲ್ಲದಕ್ಕೂ ರಸೀದಿ ಬೇಕು.

ನಾನು: ರಘು ಅಣ್ಣ ಕೇಳಿದ್ದು ಸರಿ. ಅದು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರ ಹೋಫ್ನರ್ ಎಂಬ ಜರ್ಮನ್ ಕಂಪನಿಯ ಬೇಸ್. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡದ್ದು. 1972ರಲ್ಲಿ ಲಂಡನ್‌ನಲ್ಲಿ ವ್ಯಾನಿನಿಂದ ಕಳುವಾಗಿ, ಕೊನೆಗೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಅದು ಅವರ ಕೈಸೇರಿದ ಸುದ್ದಿ ಹೊರಬಿದ್ದದ್ದು 2024ರಲ್ಲಿ. ಅದನ್ನು ಯಾರೂ ಮಾರಿಲ್ಲ. 100 ಕೋಟಿ ಎಂಬುದು ಬರೀ ಅಂದಾಜು.

ನಾನು: ಬೆಲೆ ಏರಿರುವುದಂತೂ ನಿಜ. ಆದರೆ ಹಳೆಯದಕ್ಕೆಲ್ಲ ಏರಿಲ್ಲ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್, 1960ರಲ್ಲಿ ಜಾಝ್ ಬೇಸ್ ಹೊರತಂದರು. 1965ರಲ್ಲಿ ಅವರ ಕಂಪನಿ ಸಿಬಿಎಸ್ ಎಂಬ ದೊಡ್ಡ ಸಂಸ್ಥೆಯ ಪಾಲಾಯಿತು. ಸಂಗ್ರಹಕಾರರು ಮುಗಿಬೀಳುವುದು ಅದಕ್ಕೂ ಹಿಂದಿನ ಬೇಸ್‌ಗಳಿಗೆ. ಬಣ್ಣ, ತಂತಿಯ ಕಂಪನ ಹಿಡಿಯುವ ಪಿಕಪ್, ಒಳಗಿನ ವೈರುಗಳ ಬೆಸುಗೆ ಎಲ್ಲವೂ ಅಂದಿನದೇ ಇರಬೇಕು. ಮತ್ತೆ ಬಣ್ಣ ಹೊಡೆಸಿದ್ದರೆ ಬೆಲೆ ಅರ್ಧಕ್ಕೆ ಕುಸಿಯುತ್ತದೆ. ನನಗೆ ಸಂಕಟವಾಗುವುದು ಇಲ್ಲಿಯೇ. ಹೆಸರಾಂತ ಬೇಸ್ ವಾದಕ ಜ್ಯಾಕೋ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್ ಅನ್ನು ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಇಲ್ಲದೆ, ಮರಕ್ಕೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳ ಬಳಿದು ನುಡಿಸಿದರು. ಆ ಹಾಡುವ ದನಿ ಬಂದದ್ದು ಹಾಗೆ. ಇಂದು ಅಂಥ ಬೇಸ್ ಮುಟ್ಟಲು ಯಾರಿಗೆ ಧೈರ್ಯ? ನುಡಿಸುವವರ ಕೈಗೆ ಎಟುಕದೆ ಕಪಾಟು ಸೇರುತ್ತಿವೆ.

ಅತ್ತೆ: ಯಾವ ಮರ ಅದು?

ನಾನು: ಫ್ರೆಟ್‌ಬೋರ್ಡಿಗೆ, ಅಂದರೆ ಬೆರಳೂರುವ ಪಟ್ಟಿಗೆ, ಬ್ರೆಜಿಲ್‌ನ ರೋಸ್‌ವುಡ್, ಅತ್ತೆ. 1992ರಿಂದ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವಿದೆ. ನಮ್ಮ ಬೀಟೆಯೂ ಅದೇ ಕುಲದ್ದು.

ಅತ್ತೆ: ಬೀಟೆ ಎಂದಾಗ ನೆನಪಾಯಿತು. ಅಮ್ಮನ ಮಂಚ ಬೀಟೆಯದು. ಮಳೆಗಾಲದಲ್ಲಿ ಅದರ ಕೆಳಗೆ ಹಲಸಿನ ಬೀಜದ ಬುಟ್ಟಿ ಇರುತ್ತಿತ್ತು. ನಾನೂ ಚಿಕ್ಕಣ್ಣನೂ ಅಲ್ಲೇ ಬಚ್ಚಿಟ್ಟುಕೊಳ್ಳುತ್ತಿದ್ದೆವು. ಮಂಚ ಈಗ ಯಾರ ಮನೆಯಲ್ಲಿದೆ?

ದೊಡ್ಡಪ್ಪ: ಪಾಲಾದಾಗ ನನಗೆ ಬಂದದ್ದು. ಎಲ್ಲರೂ ರುಜು ಹಾಕಿದ್ದೀರಿ.

ಅತ್ತೆ: ನನ್ನ ರುಜು ಯಾರೂ ಕೇಳಲಿಲ್ಲ.

ರಘು ಅಣ್ಣ: ಚಿಕ್ಕಪ್ಪ, ನಿಮ್ಮದು ಫೆಂಡರ್ ಆಗಿತ್ತೇ?

ಚಿಕ್ಕಪ್ಪ: ಅಲ್ಲ. ಕೋಲ್ಕತ್ತದ್ದು. ದಪ್ಪ ತಂತಿ ಹರಿದಾಗ ಹೊಸತಕ್ಕೆ ಬೆಂಗಳೂರಿಗೆ ಬರೆದು ತಿಂಗಳು ಕಾಯುತ್ತಿದ್ದೆ. ಹೆಬ್ಬೆರಳು ಊರುವ ಕಡೆ ಬಣ್ಣ ಸವೆದು ಬಿಳಿ ಮರ ಕಾಣುತ್ತಿತ್ತು. ಕೋಟಿ ಯಾರಿಗೆ ಬೇಕು? ಒಂದು ಮಾತು ಕೇಳಿ ಮಾರಬಹುದಿತ್ತು.

ದೊಡ್ಡಪ್ಪ: ಆರುನೂರು ರೂಪಾಯಿ ಬಂತು. ಅಷ್ಟೂ ಮದುವೆಯ ಅಡಿಗೆಯವರಿಗೆ ಹೋಯಿತು.

ಚಿಕ್ಕಪ್ಪ: ಅಂದು ಅಪ್ಪನ ಮುಂದೆ ನಾನೂರು ಎಂದಿದ್ದೆಯಲ್ಲ, ಅಣ್ಣಾ?

ಅತ್ತೆ: ಅಡಿಗೆಯವರಿಗೆ ಹಣ ಕೊಟ್ಟವರು ನನ್ನ ಮಾವ.