ಝ್ವಿಫ್ಟ್ ಗ್ರೂಪ್ ರೈಡ್‌ನಾಗ ಎರಡೇ ನಿಮಿಷಕ್ಕ ಒಬ್ಬನೇ ಉಳೀತೀನಿ, ಏನ್ ತಪ್ಪ ಮಾಡ್ಲಿಕತ್ತೀನಿ?

ಕಲಬುರಗಿ_ಪೆಡಲ್

ನಮಸ್ಕಾರ್ರಿ ಎಲ್ಲಾರಿಗೂ. ಏಪ್ರಿಲ್ ಬಂತಂದ್ರ ನಮ್ಮ ಕಡಿ ಮುಂಜಾನಿ ಎಂಟರ ಮ್ಯಾಲ ಸೈಕಲ್ ಹೊಡಿಲಿಕ್ಕ ಆಗಂಗಿಲ್ಲ, ಸೇಡಂ ರೋಡ್‌ನಾಗ ಸಿಮೆಂಟ್ ಲಾರಿ ಬ್ಯಾರೆ, ಅದಕ್ಕ ಹೋದ ತಿಂಗಳ ಒಂದ್ ಸೆಕೆಂಡ್ ಹ್ಯಾಂಡ್ ಸ್ಮಾರ್ಟ್ ಟ್ರೇನರ್, ಮನ್ಯಾಗೇ ಸೈಕಲ್ ಹಚ್ಚಿ ಹೊಡಿಯೋ ಮಷೀನ್, ತಗೊಂಡೆ. ಹಿಂದಿನ ಗಾಲಿ ರೋಲರ್ ಮ್ಯಾಲ ಕುಂದರ್ಸೋ ಟೈಪ್. ಒಬ್ಬನೇ ಹೊಡಿಯೋದು ಭಾಳ ಬ್ಯಾಸರ ಆಗ್ತದ ಅಂತ ಝ್ವಿಫ್ಟ್ ಆ್ಯಪ್ (ಮನ್ಯಾಗ ಕುಂತು ಪರದಿ ಮ್ಯಾಲ ಬ್ಯಾರೆಯವ್ರ ಜೋಡಿ ಸೈಕಲ್ ಹೊಡಿಯೋದು) ಒಳಗ ಗ್ರೂಪ್ ರೈಡ್‌ಗೆ ಸೇರ್ಲಿಕ್ಕ ಹೋದೆ, ಮೂರ್ ಸಲ ಮೂರೂ ಸಲ ಮರ್ಯಾದಿ ಹೋಯ್ತು.

ಮೊದಲ್ನೇ ಸಲ ಶುರುವಿಗೆ ಮುಂಚಿ ಕಾಯೋ ಜಾಗಾ, ಅಂದ್ರ ಸ್ಟಾರ್ಟ್ ಪೆನ್‌ನಾಗ ಎಲ್ಲಾರ್ ಜೋಡಿ ನಿಂತಿದ್ದೆ, ಬಾಟಲಿ ಎತ್ತಿ ನೀರ್ ಕುಡಿಯೋದ್ರಾಗ ಟೈಮರ್ ಸೊನ್ನಿ ಆಯ್ತು, ತಲಿ ಎತ್ತಿ ನೋಡ್ತೀನಿ ಒಬ್ರೂ ಇಲ್ಲ. ಎರಡ್ನೇ ಸಲ ಎ ಬಿ ಸಿ ಡಿ ಗುಂಪಿನಾಗ (ಎ ಜೋರಿಂದು, ಡಿ ನಿಧಾನದ್ದು) ಸಿ ಹಾಕೊಂಡೆ, ರೋಡ್ ಮ್ಯಾಲ 28ರ ಸ್ಪೀಡ್ ಆರಾಮ ಹೊಡಿತೀನಲ್ಲ ಅಂತ, ಎರಡ್ ನಿಮಿಷಕ್ಕ ಉಸುರು ಬಾಯಿಗೆ ಬಂತು. ಮೂರ್ನೇ ಸಲ ಚಲೋ ನಡದಿತ್ತು, ಕರೆಂಟ್ ಹೋಯ್ತು. ಈ ಎ ಬಿ ಸಿ ಡಿ ಹೆಂಗ ಆರಿಸ್ಬೇಕು, ತಡ ಆದ್ರ ನಡುವ ಸೇರ್ಲಿಕ್ಕ ಬರ್ತದೇನು, ತಿಳಿದವ್ರು ಸ್ವಲ್ಪ ಹೇಳ್ರಿ.

ಬೀದರ್_ಚೈನ್‌ರಿಂಗ್

ರೋಡ್ ಮ್ಯಾಲಿನ ಸ್ಪೀಡ್ ಇಲ್ಲಿ ಲೆಕ್ಕಕ್ಕಿಲ್ರಿ ಸರ್, ಅದನ್ನ ಮೊದ್ಲ ಮರೀರಿ. ಇಲ್ಲಿ ನಡಿಯೋದು ಒಂದ್ ಕೆಜಿ ಮೈತೂಕಕ್ಕ ಎಷ್ಟ್ ವ್ಯಾಟ್ ಅನ್ನೋದು. ಇವೆಂಟಿನ ವಿವರಣಿಯಾಗ 1.5 ರಿಂದ 2.0 ಅಂತ ಬರ್ದಿದ್ರು ಅಂತ ತಿಳ್ಕೊರಿ, ನೀವು 80 ಕೆಜಿ ಇದ್ರ 120 ರಿಂದ 160 ವ್ಯಾಟ್ ಪೂರಾ ರೈಡ್ ಹಿಡಿಬೇಕು ಅಂತ ಅರ್ಥ. ಪೂರಾ ರೈಡ್ ಅಂದೆ, ಐದ್ ನಿಮಿಷ ಅಲ್ಲ. ಎಲ್ಲಾರೂ ಮಾಡೋ ತಪ್ಪ ಇದೇ, ಒಂದಿನ ಜೋಶ್‌ನಾಗ ಹೊಡ್ದ ನಂಬರ್ ನೋಡಿ ಗ್ರೂಪ್ ಆರಿಸ್ತಾರ. ನಾನಂತೂ ಮೂರ್ ತಿಂಗಳ ಡಿ‌ನಾಗೇ ಇದ್ದೆ, ಸಣ್ಣವ ಆಗ್ಲಿಲ್ಲ.

ಪೆನ್‌ನಾಗ ನಿಂತಾಗ ಕಾಲ ನಿಲ್ಲಿಸ್ಬ್ಯಾಡ್ರಿ. ಸೊನ್ನಿ ಬರೋದ್ರಾಗ ಪೆಡಲ್ ತಿರುಗ್ತಿರ್ಬೇಕು, ನೀರ್ ಗೀರ್ ಮೊದ್ಲೇ ಕುಡ್ದ್ ಬಿಡ್ರಿ. ಶುರುವಿಗೆ ಒಂದೆರಡ್ ನಿಮಿಷ ಹುಚ್ಚು ಹಿಡ್ದಂಗ ಓಡ್ತಾರ, ನಿಧಾನ ರೈಡ್ ಅಂತ ಬರ್ದಿದ್ರೂ ಓಡ್ತಾರ, ಅಷ್ಟ್ ಹೊತ್ತು ಸ್ವಲ್ಪ ಜೋರ್ ಹಾಕಿ ಒಬ್ರ ಬೆನ್ನಿಗೆ ಬೀಳ್ರಿ. ಆಮ್ಯಾಲ ಡ್ರಾಫ್ಟ್, ಅಂದ್ರ ಮುಂದಿನವ್ರ ಹಿಂದ ಗಾಳಿ ಮರಿ, ಸಿಗ್ತದ, ಅದ ಸ್ಪೀಡಿಗೆ ಕಾಲಿಗೆ ಭಾರ ಕಮ್ಮಿ. ಡ್ರಾಫ್ಟ್ ಒಮ್ಮೆ ತಪ್ಪಿತಂದ್ರ ಹತ್ತ್ ಮೀಟರ್ ಗ್ಯಾಪ್ ನೋಡ್ನೋಡ್ತಾ ಐವತ್ತ್ ಆಗ್ತದ, ಒಬ್ರೇ ಹೊಡ್ದು ಮುಚ್ಚೋದು ಕಷ್ಟ.

ಇನ್ನ ಲೀಡರ್ ತಲಿ ಮ್ಯಾಲ ಹಳದಿ ಬೆಳಕು ಇರ್ತದ, ಅವ್ರ ಹಿಂದೇ ಇರ್ರಿ. ಕೆಲವು ರೈಡ್‌ನಾಗ ಕೆಂಪ್ ಬೆಳಕಿನ ಸ್ವೀಪರ್ ಇರ್ತಾರ, ಹಿಂದ ಬಿದ್ದವ್ರನ್ನ ಕರ್ಕೊಂಡ್ ಬರೋದೇ ಅವ್ರ ಕೆಲಸ. ನಾಚ್ಕೋಬ್ಯಾಡ್ರಿ, ಹಿಂದ ಉಳದೀನಿ ಅಂತ ಮೆಸೇಜ್ ಹಾಕ್ರಿ, ಕಂಪ್ಯೂಟರ್‌ನಾಗ ಎಂ ಒತ್ತಿದ್ರ ಸಾಕು.

ಯಾದಗಿರಿ_ಕಾಕಾ

ತಮ್ಮಾ, ಬೀದರದವ್ರು ಹೇಳಿದ್ದು ಬರೋಬ್ಬರಿ ಅದ, ಆದ್ರ ನೀ ಮೊದ್ಲ ಟೈರ್ ಒತ್ತಿ ನೋಡು. ಗಾಲಿ ರೋಲರ್‌ಗೆ ಹಚ್ಚೋ ಟ್ರೇನರ್‌ನಾಗ ಗಾಳಿ ಕಮ್ಮಿ ಇದ್ರ ನೀ ಹಾಕೋ ತಾಕತ್ತು ರಬ್ಬರ್ ಕಾಸೋದ್ರಾಗೇ ಹೋಗ್ತದ, ಪರದಿ ಮ್ಯಾಲ ವ್ಯಾಟ್ ಕಮ್ಮಿ ತೋರಿಸ್ತದ. ಗಾಳಿ ತುಂಬು, ಹತ್ತ್ ನಿಮಿಷ ಬಿಸಿ ಆಗೋವರ್ಗೂ ಹೊಡಿ, ಆಮ್ಯಾಲ ಟ್ರೇನರ್ ಲೆಕ್ಕ ಸರಿ ಮಾಡೋ ಸ್ಪಿನ್‌ಡೌನ್ ಮಾಡು. ವಾರಕ್ಕೊಮ್ಮೆ ಮಾಡ್ಬೇಕು ಇದು.

ಟೈಮಿನ ಮಾತು. ನಮ್ಗ ಮುಂಜಾನಿ ಐದೂವರಿ ಅಂದ್ರ ನ್ಯೂಯಾರ್ಕ್‌ನಾಗ ರಾತ್ರಿ ಎಂಟು, ಅವ್ರು ಆಫೀಸ್ ಮುಗ್ಸಿ ಹೊಡಿಯೋ ಹೊತ್ತು, ಅದಕ್ಕ ಆ ಟೈಮಿಗೆ ಜನ ಇರ್ತಾರ. ಆದ್ರ ನವೆಂಬರ್‌ನಾಗ ಅವ್ರ ಗಡಿಯಾರ ಒಂದ್ ತಾಸು ಹಿಂದ ಹೋಗ್ತದ, ಅದ ರೈಡ್ ನಮ್ಗ ಆರೂವರಿಗೆ ಬರ್ತದ. ನಾ ಹೋದ ವರ್ಷ ನಸಿಕ್ನಾಗ ಎದ್ದು ಬಿಬ್ ಹಾಕೊಂಡು ಒಂದ್ ತಾಸು ಗ್ವಾಡಿ ನೋಡ್ಕೋತ ಕುಂತಿದ್ದೆ, ಮನ್ಯಾಗ ಇನ್ನೂ ಅದನ್ನೇ ಹೇಳಿ ನಗ್ತಾರ. ಝ್ವಿಫ್ಟಿಂದೇ ಫೋನಿನ ಕಂಪ್ಯಾನಿಯನ್ ಆ್ಯಪ್‌ನಾಗ ನಮ್ಮ ಟೈಮೇ ತೋರಿಸ್ತದ, ಹಿಂದಿನ ದಿನಾನೇ ನೋಡ್ಕೊ.

ಕೂಲರ್ ಹಚ್ಚಿದ್ರ ಕಿಡಕಿ ತೆಗ್ದಿಡು. ಬಾಗಿಲ ಮುಚ್ಚಿದ ಖೋಲಿಯಾಗ ಕೂಲರ್ ಹಚ್ಚಿದ್ರ ಹವಾ ಹಸಿ ಆಗಿ ಬೆವರು ಆರಂಗೇ ಇಲ್ಲ, ಇನ್ನೂ ಕುದೀತದ ಮೈ. ನಾ ಶಹಾಬಾದ್ ಫರಸಿ ಮ್ಯಾಲ ಹಳಿ ಜಮಖಾನ ಹಾಸೀನಿ, ಇಲ್ಲಂದ್ರ ಬೆವರಿನ ಕಲಿ ಹೋಗಂಗಿಲ್ಲ.

ಜೇವರ್ಗಿ_ರೋಡ್_ರೈಡರ್

ನಡುವ ಸೇರ್ಲಿಕ್ಕ ಬರ್ತದ್ರಿ, ಲೇಟ್ ಜಾಯಿನ್ ಅಂತ, ಭಾಳಷ್ಟ್ ಗ್ರೂಪ್ ರೈಡ್‌ನಾಗ ಶುರುವಾಗಿ ಅರ್ಧ ತಾಸಿನ ತನಕ ಇರ್ತದ, ರೇಸಿನಾಗ ಮಾತ್ರ ಇರಂಗಿಲ್ಲ. ಲೀಡರ್ ಇದ್ರ ಅವ್ರ ಹತ್ರಾನೇ ಇಳಿಸ್ತದ. ಕರೆಂಟ್ ಹೋದ್ರೂ ಇದ ದಾರಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರ್ತದ, ಸಾಯೋದು ರೂಟರ್, ಟ್ರೇನರ್. ಎರಡೂ ಇನ್ವರ್ಟರ್ ಲೈನಿಗೆ ಹಾಕ್ರಿ, ದೊಡ್ಡ ಲೋಡ್ ಏನಲ್ಲ.

ಖರೇ ಹೇಳ್ಬೇಕಂದ್ರ ಶುರುವಿಗೆ ಇವೆಂಟೇ ಬ್ಯಾಡ್ರಿ, ರೋಬೊಪೇಸರ್, ಅಂದ್ರ ಕಂಪ್ಯೂಟರೇ ಓಡ್ಸೋ ಸವಾರ, ಅದರ ಹಿಂದ ಹೊಡೀರಿ. ಅವು ಹಗಲು ರಾತ್ರಿ ಗೊತ್ತುಮಾಡಿದ ವ್ಯಾಟ್ ಸುತ್ತಮುತ್ತ ಓಡ್ತಿರ್ತಾವ, ಯಾವಾಗ ಬೇಕಾದ್ರೂ ಸೇರ್ರಿ ಬಿಡ್ರಿ, ಗುಂಪಿನಾಗ ಇರೋದು ರೂಢಿ ಆಗ್ತದ. ರೊಕ್ಕ ಕಟ್ಲಿಕ್ಕ ಮನಸಿಲ್ಲಂದ್ರ ಮೈವೂಶ್ ಅನ್ನೋ ಇಂಥಾದ್ದೇ ಆ್ಯಪ್ ಫ್ರೀ ಅದ, 2024ರ ಸೈಕ್ಲಿಂಗ್ ಇ-ಸ್ಪೋರ್ಟ್ಸ್ ವರ್ಲ್ಡ್ ಚಾಂಪಿಯನ್‌ಶಿಪ್ ಅದರಾಗೇ ನಡೀತು.

ಕಲಬುರಗಿ_ಪೆಡಲ್

ಕಾಕಾ ಕಾಲಿಗೆ ಬೀಳ್ತೀನಿ. ಟೈರ್ ಹೆಬ್ಬೆರಳಿಂದ ಒತ್ತಿದ್ರ ಒಳಗ ಹೋಗ್ತಿತ್ತು. ಗಾಳಿ ತುಂಬಿ ಸ್ಪಿನ್‌ಡೌನ್ ಮಾಡ್ದೆ, ಅದ ಗಿಯರ್ ಅದ ದಮ್ಮಿಗೆ ಹದಿನೈದ್ ವ್ಯಾಟ್ ಜಾಸ್ತಿ ತೋರಿಸ್ತು! ಅಂದ್ರೂ ಸಿ ಅಲ್ಲ ನಂದು, ಇವತ್ತ್ ಮುಂಜಾನಿ ಡಿ‌ನಾಗ ಸೇರ್ದೆ, ನಲವತ್ತ್ ನಿಮಿಷ ಹಳದಿ ಬೆಳಕು ಬಿಡ್ಲಿಲ್ಲ, ಕೊನಿಗೆ ಒಂದ್ ಏರಿನಾಗ ಹಿಂದ ಬಿದ್ದೆ, ಸ್ವೀಪರ್ ಬಂದು ಮ್ಯಾಲ ಎಳ್ಕೊಂಡ್ ಹೋದ್ರು. ಯಾವ ದೇಶದವ್ರೋ ಏನೋ, ರೈಡ್ ಆನ್ (ಆ್ಯಪ್ ಒಳಗಿನ ಶಭಾಷ್ ಗುರುತು) ಕೊಟ್ಟು ಥ್ಯಾಂಕ್ಸ್ ಅಂದೆ. ಕಿಡಕಿನೂ ತೆಗ್ದಿದ್ದೆ.

ಬೀದರ್_ಚೈನ್‌ರಿಂಗ್

ಭೇಷ್. ಐತವಾರ ನಾವ್ ನಾಲ್ಕ್ ಮಂದಿನೇ ಆ್ಯಪ್ ಒಳಗ ಮೀಟಪ್, ಅಂದ್ರ ನಮ್ಮದೇ ರೈಡ್, ಮಾಡೋಣೇನ್ರಿ? ಕಂಪ್ಯಾನಿಯನ್‌ನಾಗ ಒಬ್ರಿಗೊಬ್ರು ಫಾಲೋ ಮಾಡ್ಕೊರಿ, ನಾ ಇನ್ವೈಟ್ ಕಳಿಸ್ತೀನಿ. ಎಲ್ಲಾರನ್ನ ಜೋಡಿ ಇಡೋ ಆಪ್ಷನ್ ಆನ್ ಮಾಡ್ತೀನಿ, ಯಾರ್ ಎಷ್ಟ್ ವ್ಯಾಟ್ ಹಾಕಿದ್ರೂ ಗುಂಪು ಒಡಿಯಂಗಿಲ್ಲ.

ಯಾದಗಿರಿ_ಕಾಕಾ

ಆರಕ್ಕ ಇಡ್ರಿ. ಏಳಕ್ಕ ನಮ್ಮ ಕಡಿ ಕರೆಂಟ್ ಹೋಗ್ತದ.