ಮಾರಾಟಗಾರರ ಬಳಗದಲ್ಲಿ ಪ್ರಶ್ನೆಗಿಂತ ಮೊದಲು ವಯಸ್ಸು ಏಕೆ ಕಾಣುತ್ತದೆ?

ಪ್ರಶ್ನೆ: ಧಾರವಾಡದಿಂದ, ಇಳಕಲ್ ಸೀರೆ ಮತ್ತು ಕಸೂತಿ ಮಾರಾಟ

ನನಗೀಗ 65 ವರ್ಷ. ಶಾಲೆಯ ಕೆಲಸದಿಂದ ನಿವೃತ್ತಳಾದ ವರ್ಷವೇ ಲಾಕ್‌ಡೌನ್ ಬಂದಿತು. ಪರಿಚಯದ ನೇಕಾರರ ಮನೆಗಳಲ್ಲಿ ನೇಯ್ದ ಸೀರೆಗಳು ಕೊಳ್ಳುವವರಿಲ್ಲದೆ ಉಳಿದಿದ್ದವು. ಅವುಗಳ ಚಿತ್ರ ತೆಗೆದು ಬಂಧುಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದು ನನ್ನ ವ್ಯಾಪಾರದ ಆರಂಭ. ಅನಂತರ ಒಂದು ದೊಡ್ಡ ಮಾರಾಟತಾಣದಲ್ಲಿಯೂ ಅಂಗಡಿ ತೆರೆದೆ. ಈಗ ತಿಂಗಳಿಗೆ ಸುಮಾರು 30 ಸೀರೆಗಳು ಹೋಗುತ್ತವೆ, ತೆರಿಗೆಯ ವಿವರಗಳನ್ನು ನಾನೇ ಸಲ್ಲಿಸುತ್ತೇನೆ.

ಮೂರು ತಿಂಗಳ ಹಿಂದೆ ಪುಣೆಯ ಗ್ರಾಹಕರೊಬ್ಬರು ಒಂದು ಸೀರೆಯನ್ನು ಹಿಂದಿರುಗಿಸಿದರು. ಪೊಟ್ಟಣ ಬಿಚ್ಚಿ ನೋಡಿದರೆ ಒಳಗಿದ್ದದ್ದು ನಾನು ಕಳುಹಿಸಿದ ಕೈಮಗ್ಗದ ಸೀರೆಯಲ್ಲ, ಅದೇ ಬಣ್ಣದ, ಅದೇ ಅಂಚಿನ ವಿದ್ಯುತ್‌ಮಗ್ಗದ ಸೀರೆ. ಇಂಥ ಸಂದರ್ಭದಲ್ಲಿ ಮಾರಾಟತಾಣಕ್ಕೆ ಯಾವ ಪುರಾವೆ ಕೊಡಬೇಕು, ಎಷ್ಟು ದಿನದೊಳಗೆ ದೂರು ಸಲ್ಲಿಸಬೇಕು ಎಂದು ನಮ್ಮ ಮಾರಾಟಗಾರರ ಬಳಗದಲ್ಲಿ ಕೇಳಿದೆ. ಮೊದಲು ಬಂದ ಉತ್ತರ ಇದು: "ಆಂಟಿ, ಈ ವಯಸ್ಸಿನಲ್ಲಿ ಈ ಉಸಾಬರಿ ಯಾಕೆ? ಮೊಮ್ಮಕ್ಕಳಿದ್ದರೆ ಅವರ ಕೈಲಿ ಮಾಡಿಸಿ." ಹನ್ನೊಂದು ಮಂದಿ ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದರು. ನಾನು ಕೇಳಿದ್ದಕ್ಕೆ ಉತ್ತರ ಎರಡು ದಿನ ಕಳೆದರೂ ಬರಲಿಲ್ಲ. ದಾರಿ ತಿಳಿಯುವಷ್ಟರಲ್ಲಿ ದೂರಿನ ಅವಧಿ ಮುಗಿದಿತ್ತು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ನೇಕಾರರಿಗೆ ನಾನು ಏನೆಂದು ಹೇಳಲಿ ಎಂಬ ಚಿಂತೆ ಬಹಳ ದಿನ ಕಾಡಿತು.

ಆದರೆ ನನ್ನ ತಪ್ಪನ್ನೂ ಇಲ್ಲಿಯೇ ಹೇಳಬೇಕು. ಅದೇ ಬಳಗದಲ್ಲಿ, ಉಪ್ಪಿನಕಾಯಿ ಮಾರುವ ಮಹಿಳೆಯೊಬ್ಬರು ಜಿಎಸ್‌ಟಿ ಬಗ್ಗೆ ಕೇಳಿದಾಗ, ಕಾಲೇಜು ಮುಗಿಸಿ ವರ್ಷವಾಗದ ಹುಡುಗನೊಬ್ಬ "ರಾಜ್ಯದ ಒಳಗೆ ಮಾತ್ರ ಮಾರುವುದಾದರೆ ಈಗ ನೋಂದಣಿ ಕಡ್ಡಾಯವಿಲ್ಲ" ಎಂದು ಬರೆದಿದ್ದ. ನಾನು ಅವನಿಗೆ "ನೀನು ಮೊದಲು ನಾಲ್ಕು ವರ್ಷ ವ್ಯಾಪಾರ ಮಾಡು, ಆಮೇಲೆ ತೆರಿಗೆಯ ಮಾತಾಡು" ಎಂದು ಉತ್ತರಿಸಿದೆ. ಅವನು ಹೇಳಿದ್ದು ಸರಿಯಾಗಿತ್ತು. ನನ್ನ ಸೀರೆಗಳು ಮಹಾರಾಷ್ಟ್ರಕ್ಕೆ ಹೋಗುವುದರಿಂದ ನನಗೆ ನೋಂದಣಿ ಬೇಕು. ನನಗೆ ಅನ್ವಯಿಸಿದ್ದು ಎಲ್ಲರಿಗೂ ಅನ್ವಯಿಸುತ್ತದೆ ಎಂದುಕೊಂಡೆ. ಆ ಮಹಿಳೆ ನನ್ನ ಮಾತನ್ನು ನಂಬಿ ಮಾರಾಟವನ್ನೇ ಕೈಬಿಟ್ಟರೆಂದು ಆಮೇಲೆ ತಿಳಿಯಿತು.

ನಿಮ್ಮ ಬಳಗಗಳಲ್ಲಿ ಹೀಗಾಗದಂತೆ ಏನು ಮಾಡಿದ್ದೀರಿ? ದಯವಿಟ್ಟು ಅನುಭವದಿಂದ ಹೇಳಿ.

ಉತ್ತರ 1: ಇಳಕಲ್ಲಿನಿಂದ, ನೇಕಾರ ಕುಟುಂಬ, 24 ವರ್ಷ

ಅಕ್ಕೋರೆ, ನಮಸ್ಕಾರ. ನೀವು ಅಂದು ಕೇಳಿದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಮತ್ತೆ ಆಗಬಹುದು.

ಹಿಂದಿರುಗಿ ಬಂದ ಪೊಟ್ಟಣವನ್ನು ಬಿಚ್ಚುವ ಮೊದಲೇ ವಿಡಿಯೊ ಆರಂಭಿಸಿ, ನಡುವೆ ಎಲ್ಲಿಯೂ ನಿಲ್ಲಿಸಬೇಡಿ. ಚೀಟಿಯ ಮೇಲಿನ ಸಂಖ್ಯೆ, ಅಂಟುಪಟ್ಟಿಯ ಸ್ಥಿತಿ, ತಕ್ಕಡಿಯ ಮೇಲೆ ಪೊಟ್ಟಣದ ತೂಕ, ಇವು ಮೂರೂ ಒಂದೇ ಓಟದಲ್ಲಿ ಕಾಣಬೇಕು. ಅನಂತರ ಸೀರೆಯನ್ನು ಹಾಸಿ ಸೆರಗು ಒಡಲಿಗೆ ಕೂಡುವ ಜಾಗವನ್ನು ಹತ್ತಿರದಿಂದ ತೋರಿಸಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆಗಳು, ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದನ್ನೇ ನಾವು ತೋಪ್ ತೆನಿ ಎನ್ನುತ್ತೇವೆ. ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಕೂಡಿಸಬೇಕಾದದ್ದು ಇದೇ ಕಾರಣಕ್ಕೆ. ವಿದ್ಯುತ್‌ಮಗ್ಗದ ನಕಲಿನಲ್ಲಿ ಹಾಸು ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಓಡುತ್ತದೆ, ಕೂಡಿಕೆ ಸಿಗುವುದಿಲ್ಲ. ಕಳುಹಿಸುವ ಮುನ್ನ ಇದೇ ಜಾಗದ ಚಿತ್ರ ತೆಗೆದಿಟ್ಟುಕೊಂಡಿದ್ದರೆ ನಿಮ್ಮ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಾನು ಅಂಚಿನ ಒಳತುದಿಯಲ್ಲಿ ಬಣ್ಣದ ದಾರದ ಸಣ್ಣ ಗಂಟೊಂದನ್ನೂ ಹಾಕಿ, ಅದರ ಚಿತ್ರ ಇಟ್ಟುಕೊಳ್ಳುತ್ತೇನೆ. ದೂರಿನ ಅವಧಿ ತಾಣದಿಂದ ತಾಣಕ್ಕೆ ಬೇರೆ, ಆಗಾಗ ಬದಲಾಗುತ್ತದೆ. ಆದ್ದರಿಂದ ಸೀರೆ ಕೈಸೇರಿದ ದಿನವೇ ದೂರು ಹಾಕಿಬಿಡುವುದು ಒಳ್ಳೆಯದು.

ಇನ್ನು ವಯಸ್ಸಿನ ಮಾತು. ನಮ್ಮ ಮುತ್ಯಾ ನನಗೆ ಹನ್ನೆರಡನೆಯ ವಯಸ್ಸಿಗೆ ಎಳೆ ಕೂಡಿಸುವುದನ್ನು ಕಲಿಸಿದರು. ಆದರೂ ನೂಲಿನ ಅಂಗಡಿಯಲ್ಲಿ ಉದ್ದರಿ ಕೇಳಿದರೆ "ನಿಮ್ಮಪ್ಪನ್ನ ಕರಕೊಂಡು ಬಾ" ಎನ್ನುತ್ತಾರೆ. ಗ್ರಾಹಕರು ವಿಡಿಯೊ ಕರೆಯಲ್ಲಿ ನನ್ನ ಮುಖ ಕಂಡೊಡನೆ "ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರಾ?" ಎಂದು ಕೇಳುತ್ತಾರೆ. ಹಿರಿಯ ಮಾರಾಟಗಾರರೊಬ್ಬರು ರೇಷ್ಮೆಯೇ ಇಲ್ಲದ, ಚಮಕಾ ಎಂಬ ಕೃತಕ ರೇಷ್ಮೆಯ ಸೆರಗನ್ನು ಶುದ್ಧ ರೇಷ್ಮೆ ಎಂದು ಬರೆದಿದ್ದಾಗ, ತಿದ್ದಿರಿ ಎಂದು ವಿನಯದಿಂದಲೇ ಬರೆದೆ. ಬಂದ ಉತ್ತರದಲ್ಲಿ ರೇಷ್ಮೆಯ ಮಾತೇ ಇರಲಿಲ್ಲ, ಇನ್ನೂ ಮೀಸೆ ಚಿಗುರದವನು ಎಂಬುದಿತ್ತು. ನಾನು ಎತ್ತಿದ ವಿಷಯ ಹಾಗೆಯೇ ಮುಚ್ಚಿಹೋಯಿತು, ಆ ಸೀರೆ ಅದೇ ಹೆಸರಿನಲ್ಲಿ ಇನ್ನೂ ಮಾರಾಟವಾಗುತ್ತಿದೆ. ನಿಮಗೆ ಆದದ್ದೂ ಇದೇ ಎಂದು ನನಗೆ ತೋರುತ್ತದೆ. ವಯಸ್ಸನ್ನು ಎತ್ತಿದ ಮೇಲೆ ವಿಷಯಕ್ಕೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಉಳಿಯುವುದಿಲ್ಲ.

ನನ್ನ ಓರಗೆಯವರ ಪರವಾಗಿ ಒಂದು ಮಾತು ಹೇಳುತ್ತೇನೆ, ಅದನ್ನು ಸಮರ್ಥನೆ ಎಂದು ತಿಳಿಯಬೇಡಿ. ಕೇಳಿದ್ದನ್ನೇ ವಾರಕ್ಕೆ ಹತ್ತು ಮಂದಿ ಕೇಳಿದಾಗ ಉತ್ತರಿಸುವವರಿಗೆ ದಣಿವಾಗುತ್ತದೆ. ಆದರೆ ಆ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ನನ್ನ ವಯಸ್ಸಿನವರೇ ಇರುತ್ತಾರೆ. ಅವರಿಗೆ ಯಾರೂ ಮೊಮ್ಮಕ್ಕಳ ಮಾತು ಎತ್ತುವುದಿಲ್ಲ.

ಉತ್ತರ 2: ಹುಬ್ಬಳ್ಳಿಯಿಂದ, ಬಟ್ಟೆ ವ್ಯಾಪಾರ, 68 ವರ್ಷ

ಇಳಕಲ್ಲಿನ ತಮ್ಮನವರ ನೋವು ಅರ್ಥವಾಗುತ್ತದೆ. ಆದರೆ ಉದ್ದರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಮ್ಮ ಕಾಲದಲ್ಲಿ ನೂಲನ್ನಾಗಲಿ ಬಟ್ಟೆಯನ್ನಾಗಲಿ ಉದ್ದರಿ ಕೊಡುವವನ ಬಳಿ ಬೇರೆ ಅಡಮಾನ ಇರಲಿಲ್ಲ. ಎದುರಿಗಿದ್ದವನು ಎಷ್ಟು ವರ್ಷದಿಂದ ಊರಿನಲ್ಲಿದ್ದಾನೆ, ಅವನ ತಂದೆ ಲೆಕ್ಕ ಹೇಗೆ ತೀರಿಸಿದ್ದರು ಎಂಬುದೇ ಅಡಮಾನ. ವಯಸ್ಸು ಅಲ್ಲಿ ಅವಮಾನ ಮಾಡುವ ಸಾಧನವಾಗಿರಲಿಲ್ಲ, ಖಾತೆಯ ಒಂದು ಸಾಲಾಗಿತ್ತು. ಮುಳುಗಿದ ಉದ್ದರಿಯನ್ನು ನಾನೂ ಎರಡು ಬಾರಿ ಕಂಡಿದ್ದೇನೆ.

ಈಗ ಆ ಕಾರಣ ಉಳಿದಿಲ್ಲ ಎಂಬುದನ್ನು ಒಪ್ಪುತ್ತೇನೆ. 2016ರಲ್ಲಿ ಯುಪಿಐ ಬಂದ ಮೇಲೆ ಹುಡುಗನೊಬ್ಬನ ಮೂರು ವರ್ಷದ ಜಮಾಖರ್ಚು ಅವನ ಮೊಬೈಲಿನಲ್ಲಿಯೇ ಇರುತ್ತದೆ. ಎರಡು ವರ್ಷದಿಂದ ನಾನು ಅದನ್ನೇ ಕೇಳಿ ನೋಡುತ್ತೇನೆ, ತಂದೆಯನ್ನು ಕರೆತರಲು ಹೇಳುವುದಿಲ್ಲ.

ಅಕ್ಕನವರು ಹೇಳಿದ "ಆಂಟಿ" ಎಂಬ ಮಾತಿನ ಬಗ್ಗೆ: ಅಕ್ಕ, ಅಣ್ಣ, ತಮ್ಮ, ಅಜ್ಜ ಎಂದು ಕರೆಯುವುದು ನಮ್ಮಲ್ಲಿ ಆತ್ಮೀಯತೆ. ಇದನ್ನೇ ನಿಲ್ಲಿಸಿ ಎಂದರೆ ಬಳಗ ಕಚೇರಿಯಂತಾಗುತ್ತದೆ. ನೋಯಿಸಿದ್ದು ಆ ಪದಕ್ಕಿಂತ ಅದರ ಹಿಂದೆಯೇ ಬಂದ ಮಾತು ಎಂದು ನನ್ನ ಭಾವನೆ. ನಾವು ಹಿರಿಯರು ಕಿರಿಯ ಮಾರಾಟಗಾರರನ್ನು ಎಲ್ಲರೆದುರು "ನೀನು" ಎನ್ನುವುದನ್ನು ಮಾತ್ರ ಬಿಡಬೇಕು. ಸಾಲಸೋಲ ಮಾಡಿ ವ್ಯಾಪಾರ ನಡೆಸುವವರು ಅವರು, ನಮ್ಮ ಮನೆಯ ಮಕ್ಕಳಲ್ಲ.

ಉತ್ತರ 3: ಬೆಂಗಳೂರಿನಿಂದ, ಮಾರಾಟಗಾರರ ಬಳಗವೊಂದರ ನಿರ್ವಾಹಕಿ

ನಮ್ಮ ಬಳಗದಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ, ಸೋತದ್ದನ್ನೂ ಸೇರಿಸಿ.

ಮೊದಲು ನಾವು ವಯಸ್ಸಿನ ಪ್ರಸ್ತಾಪವನ್ನೇ ನಿಷೇಧಿಸಿದೆವು. ಪದಗಳು ಬದಲಾದವು, ಮನಸ್ಸು ಬದಲಾಗಲಿಲ್ಲ. "ಹಳೆಯ ಕಾಲದ ವ್ಯಾಪಾರ", "ರೀಲ್ಸ್ ವ್ಯಾಪಾರಿಗಳು" ಎಂದು ಬರೆಯತೊಡಗಿದರು. ನಿಯಮ ಮುರಿಯದೆಯೂ ನೋಯಿಸಬಹುದೆಂದು ಒಂದೇ ತಿಂಗಳಲ್ಲಿ ತಿಳಿಯಿತು.

ಆಗ ನಾನು ಈ ವಿಷಯವನ್ನು ಸ್ವಲ್ಪ ಓದಿಕೊಂಡೆ. ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ಏಜಿಸಂ ಎಂಬ ಹೆಸರು ಕೊಟ್ಟಾಗ, ಒಂದು ವಯೋಮಾನದವರು ಬೇರೆ ವಯೋಮಾನದವರ ಬಗ್ಗೆ ತಾಳುವ ಪೂರ್ವಗ್ರಹ ಎಂದೇ ಅದನ್ನು ವಿವರಿಸಿದ್ದರು. ಅದು ವೃದ್ಧರಿಗೆ ಮಾತ್ರ ಸೀಮಿತವಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಜಗತ್ತಿನ ಇಬ್ಬರಲ್ಲಿ ಒಬ್ಬರಿಗೆ ಹಿರಿಯರ ಬಗ್ಗೆ ಇಂಥ ಧೋರಣೆ ಇದೆ ಎನ್ನುತ್ತದೆ. ಯುರೋಪಿನಲ್ಲಿ ವಯಸ್ಸಿನ ಕಾರಣಕ್ಕೆ ತಾರತಮ್ಯ ಅನುಭವಿಸಿದ್ದೇವೆ ಎಂದು ಹೇಳುವವರಲ್ಲಿ ಕಿರಿಯರೇ ಹೆಚ್ಚು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಪರಿಹಾರವಾಗಿ ಅದು ಮುಂದಿಡುವ ಮೂರು ದಾರಿಗಳು ಕಾನೂನು, ಶಿಕ್ಷಣ ಮತ್ತು ತಲೆಮಾರುಗಳ ನಡುವಿನ ಒಡನಾಟ. ಮೂರನೆಯದನ್ನು ಓದಿದಾಗ ನಮ್ಮ ತಪ್ಪು ಕಂಡಿತು. ನಮ್ಮ ಬಳಗದಲ್ಲಿ ನಾನೂರು ಮಂದಿ ಇದ್ದರು, ಆದರೆ ಇಬ್ಬರು ಕೂತು ಒಂದು ಕೆಲಸವನ್ನು ಜೊತೆಗೆ ಮಾಡಿದ್ದು ಎಂದೂ ಇರಲಿಲ್ಲ.

ಈಗ ತಿಂಗಳಿಗೊಮ್ಮೆ ಹಿರಿಯರೊಬ್ಬರು, ಕಿರಿಯರೊಬ್ಬರು ಜೋಡಿಯಾಗಿ ಪರಸ್ಪರರ ಅಂಗಡಿಯ ಪುಟಗಳನ್ನು ಪರಿಶೀಲಿಸುತ್ತಾರೆ. ಒಮ್ಮೆ ಯುವತಿಯೊಬ್ಬರು ತಮ್ಮ ಸೀರೆಯನ್ನು "ಪ್ಯೂರ್ ಸಿಲ್ಕ್ ಇಳಕಲ್" ಎಂದು ಬರೆದಿದ್ದರು. ಜೋಡಿಯಾಗಿದ್ದ ಹಿರಿಯರು ಬಟ್ಟೆ ಮುಟ್ಟಿ, ಒಡಲು ಹತ್ತಿ, ಸೆರಗು ಮಾತ್ರ ರೇಷ್ಮೆ ಎಂದರು. ಹಾಗೆಯೇ ಬರೆದ ಮೇಲೆ ಸೀರೆ ಹಿಂದಿರುಗಿ ಬರುವುದು ನಿಂತಿತು. ಆ ಹಿರಿಯರ ಪುಟದಲ್ಲಿ ಕಸೂತಿಯ ಮುಂಬದಿಯ ಚಿತ್ರವಷ್ಟೇ ಇತ್ತು. ಗವಂತಿ ಹೊಲಿಗೆ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುತ್ತದೆ ಎಂಬುದನ್ನು ಅವರು ಮಾತಿನಲ್ಲಿ ಹೇಳುತ್ತಿದ್ದರೇ ಹೊರತು ತೋರಿಸಿರಲಿಲ್ಲ. ಯುವತಿ ಹಿಂಬದಿಯ ಚಿತ್ರವನ್ನೂ ತೆಗೆದು ಸೇರಿಸಿದರು. ಇಬ್ಬರೂ ಅದಕ್ಕೆ ಮೊದಲು ಬಳಗದಲ್ಲಿ ಜಗಳವಾಡಿದವರೇ.

ಜೊತೆಗೆ ಒಂದೇ ನಿಯಮ ಉಳಿಸಿಕೊಂಡಿದ್ದೇವೆ. ಪ್ರಶ್ನೆಗೆ ಬರುವ ಮೊದಲ ಉತ್ತರ ಆ ಪ್ರಶ್ನೆಯನ್ನು ಕುರಿತೇ ಇರಬೇಕು, ಇಲ್ಲವಾದರೆ ನಾನು ತೆಗೆದುಹಾಕುತ್ತೇನೆ. ಬೈಗುಳ ಇದೆಯೇ ಎಂದು ಅಳೆಯುವ ಕಷ್ಟ ನನಗಿಲ್ಲ. ಉತ್ತರ ಇದೆಯೇ ಎಂದಷ್ಟೇ ನೋಡುತ್ತೇನೆ.

ಅಕ್ಕೋರೆ, ಜಿಎಸ್‌ಟಿ ವಿಷಯವನ್ನೂ ಸ್ಪಷ್ಟಪಡಿಸುತ್ತೇನೆ, ಓದುವ ಬೇರೆಯವರಿಗೆ ನೆರವಾಗಲಿ. 2023ರ ಅಕ್ಟೋಬರ್ 1ಕ್ಕೆ ಮೊದಲು, ಮಾರಾಟತಾಣದ ಮೂಲಕ ಸರಕು ಮಾರುವವರು ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಾಯಿಸಿಕೊಳ್ಳಬೇಕಿತ್ತು. ನೀವು ಕಲಿತದ್ದು ಆ ನಿಯಮ, ಅಂದು ಅದು ಸರಿಯಾಗಿಯೇ ಇತ್ತು. ಆ ದಿನದಿಂದ, ರಾಜ್ಯದ ಒಳಗೆ ಮಾತ್ರ ಮಾರುವ, ವಾರ್ಷಿಕ ವಹಿವಾಟು ಮಿತಿಯೊಳಗಿರುವ ಸಣ್ಣವರಿಗೆ ವಿನಾಯಿತಿ ಸಿಕ್ಕಿತು. ಕರ್ನಾಟಕದಲ್ಲಿ ಸರಕಿಗೆ ಆ ಮಿತಿ 40 ಲಕ್ಷ ರೂಪಾಯಿ. ಅವರು ನೋಂದಣಿಯ ಬದಲು ಪ್ಯಾನ್ ಕೊಟ್ಟು ಜಿಎಸ್‌ಟಿ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆಯಬೇಕು. ಆ ಹುಡುಗ ವ್ಯಾಪಾರಕ್ಕೆ ಬಂದದ್ದೇ ಹೊಸ ನಿಯಮದ ಕಾಲದಲ್ಲಿ, ಆದ್ದರಿಂದ ಅದು ಅವನಿಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಕಲಿತ ಕಸೂತಿ ಹೊಲಿಗೆ ಇಂದಿಗೂ ಹಾಗೆಯೇ ಇರುತ್ತದೆ. ತೆರಿಗೆಯ ನಿಯಮ ಹಾಗಲ್ಲ.

ಉತ್ತರ 1 ಬರೆದವರು, ಹುಬ್ಬಳ್ಳಿಯ ಹಿರಿಯರಿಗೆ

ಅಣ್ಣಾವರೆ, ಉದ್ದರಿಯ ಹಿಂದಿನ ಕಾರಣವನ್ನು ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ವಾರ ನೂಲಿನ ಅಂಗಡಿಗೆ ಹೋಗುವಾಗ ಎರಡು ವರ್ಷದ ಜಮಾಖರ್ಚನ್ನು ಮುದ್ರಿಸಿಕೊಂಡು ಒಯ್ಯುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಉಪ್ಪಿನಕಾಯಿಯ ಮಹಿಳೆಗೆ ನಿನ್ನೆ ಸಂಜೆ ಕರೆ ಮಾಡಿ, ನಾನು ಹೇಳಿದ್ದು ತಪ್ಪಾಗಿತ್ತು, ದಾಖಲಾತಿ ಸಂಖ್ಯೆ ಪಡೆದರೆ ಸಾಕು ಎಂದು ತಿಳಿಸಿದೆ. ಮಳೆಗಾಲ ಮುಗಿದ ಮೇಲೆ ಮತ್ತೆ ಆರಂಭಿಸುವ ಮಾತನ್ನಾಡಿದರು. ಆ ಹುಡುಗನಿಗೆ, ಅಲ್ಲ, ಆ ಮಾರಾಟಗಾರರಿಗೆ, ಬಳಗದಲ್ಲಿ ಎಲ್ಲರಿಗೂ ಕಾಣುವಂತೆಯೇ ಕ್ಷಮೆ ಕೇಳಿ ಬರೆದಿದ್ದೇನೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.

ಇಳಕಲ್ಲಿನ ತಮ್ಮನವರೆ, ನೀವು ಹೇಳಿದಂತೆ ಇಂದು ಬೆಳಿಗ್ಗೆ ಮೂರು ಸೀರೆಗಳ ತೋಪ್ ತೆನಿಯ ಚಿತ್ರ ತೆಗೆದೆ. ಕೆಂಪು ಸೆರಗಿನಲ್ಲಿ ಕುಣಿಕೆಗಳು ಚೆನ್ನಾಗಿ ಕಾಣುತ್ತವೆ, ಆದರೆ ಕಡುಬಣ್ಣದ ಒಡಲಿನ ಕಡೆಗೆ ಎಳೆಗಳು ಕಲಸಿಹೋದಂತೆ ಬರುತ್ತಿವೆ. ಸೀರೆಯ ಅಡಿಯಲ್ಲಿ ಬಿಳಿಯ ಬಟ್ಟೆ ಹಾಸಬೇಕೇ, ಅಥವಾ ಬೆಳಕನ್ನು ಪಕ್ಕದಿಂದ ಬೀಳಿಸಬೇಕೇ?