.30-06 ರೈಫಲ್‌ಗೆ ಜೀರೋ 100 ಗಜಕ್ಕೋ, 200ಕ್ಕೋ, ಇನ್ನೂ ದೂರಕ್ಕೋ?

ಬೋಲ್ಟ್‌ಹಿಡಿ (ಪ್ರಶ್ನೆ):

ಜೀರೋ, ಅಂದರೆ ಸ್ಕೋಪಿನ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗುವ ದೂರ, ಎಷ್ಟಕ್ಕಿಡಬೇಕು? ರೈಫಲ್ .30-06, ನಳಿಗೆ 22 ಇಂಚು, ಮೇಲೆ 3–9×40 ಸ್ಕೋಪ್, ಕಾಲು ಎಂಒಎ ಕ್ಲಿಕ್ (ಎಂಒಎ ಕೋನದ ಅಳತೆ, 100 ಗಜದಲ್ಲಿ ಸುಮಾರು ಒಂದು ಇಂಚು). ತೋಟಾ 180 ಗ್ರೇನ್ (ಗುಂಡಿನ ತೂಕ) ಸಾಫ್ಟ್ ಪಾಯಿಂಟ್ (ಮೃದು ತುದಿಯ ಗುಂಡು), ಪೆಟ್ಟಿಗೆ ಮೇಲೆ ಸೆಕೆಂಡಿಗೆ 2,700 ಅಡಿ ಅಂತ ಬರೆದಿದೆ. ಬೆಂಚಿನಿಂದ ಹೊಡೆದರೆ 100 ಗಜಕ್ಕೆ ತೂತುಗಳದ್ದು ಒಂದೂವರೆ ಇಂಚಿನ ಗುಂಪು. ಬೇಟೆ ಜಿಂಕೆಯಿಂದ ಎಲ್ಕ್‌ವರೆಗೆ. ಹೆಚ್ಚಿನ ಈಡು 60ರಿಂದ 200 ಗಜದೊಳಗೆ, ಅಪರೂಪಕ್ಕೆ 280.

ಒಬ್ಬರು 100ಕ್ಕೆ ಸರಿಯಾಗಿ ಕೂರಿಸಿ ಸಾಕು ಅನ್ನುತ್ತಾರೆ. ಇನ್ನೊಬ್ಬರು 100ರಲ್ಲಿ ಮೂರು ಇಂಚು ಮೇಲೆ ಇಟ್ಟು 300ರವರೆಗೆ ಮರೆತುಬಿಡಿ ಅನ್ನುತ್ತಾರೆ. 25 ಗಜದಲ್ಲಿ ಜೀರೋ ಮಾಡಿದರೆ 200ಕ್ಕೆ ತಾನೇ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಯಾವುದನ್ನು ನಂಬಬೇಕು?

ಪಥಗಣಿತ:

ಮೊದಲು 25 ಗಜದ ಮಾತು ಮುಗಿಸೋಣ. ಸ್ಕೋಪಿನ ನಡುಗೆರೆ ನಳಿಗೆಯ ನಡುಗೆರೆಗಿಂತ ಸುಮಾರು ಒಂದೂವರೆ ಇಂಚು ಮೇಲಿದೆ. ನಳಿಗೆ ಕೂದಲೆಳೆಯಷ್ಟು ಮೇಲ್ಮುಖವಾಗಿರುತ್ತದೆ. ಹಾಗಾಗಿ ಗುಂಡು ಕೆಳಗಿನಿಂದ ಹೊರಟು ನೋಟದ ಗೆರೆಯನ್ನು ಹತ್ತಿರದಲ್ಲೊಮ್ಮೆ ದಾಟಿ ಏರುತ್ತದೆ, ದೂರದಲ್ಲಿ ಇಳಿಯುವಾಗ ಇನ್ನೊಮ್ಮೆ ದಾಟುತ್ತದೆ. ನಿಮ್ಮ ತೋಟಾದಲ್ಲಿ ಎರಡನೇ ದಾಟು 200 ಗಜಕ್ಕಿದ್ದರೆ ಮೊದಲನೆಯದು 27ರ ಆಸುಪಾಸು. ಅಂದರೆ ಮಾತು ಪೂರ್ತಿ ಸುಳ್ಳಲ್ಲ. ಆದರೆ 25 ಗಜದಲ್ಲಿ ಕಾಲು ಇಂಚು ತಪ್ಪಿದರೆ 200ರಲ್ಲಿ ಅದು ಎರಡು ಇಂಚಾಗುತ್ತದೆ, ಮತ್ತು ನಿಮ್ಮ ಗುಂಡು ಹಾಳೆಯಲ್ಲಿ ಕೊರೆಯುವ ತೂತೇ ಕಾಲು ಇಂಚಿಗಿಂತ ದೊಡ್ಡದು. 25 ಗಜ ಇರುವುದು ಗುಂಡನ್ನು ಹಾಳೆಗೆ ತರಿಸಿಕೊಳ್ಳುವುದಕ್ಕೆ, ಜೀರೋ ಮುಗಿಸುವುದಕ್ಕಲ್ಲ.

ಇನ್ನು ಲೆಕ್ಕ. ವೇಗ 2,700, ಸ್ಕೋಪ್ ಎತ್ತರ ಒಂದೂವರೆ ಇಂಚು ಅಂತ ಹಿಡಿದರೆ, ಹತ್ತಿರ ಹತ್ತಿರ ಹೀಗೆ ಬರುತ್ತದೆ.

ಜೀರೋ 100ಕ್ಕಿದ್ದರೆ 200ರಲ್ಲಿ 4 ಇಂಚು ಕೆಳಗೆ, 300ರಲ್ಲಿ 14–15 ಇಂಚು ಕೆಳಗೆ.
ಜೀರೋ 200ಕ್ಕಿದ್ದರೆ 100ರಲ್ಲಿ 2 ಇಂಚು ಮೇಲೆ, 300ರಲ್ಲಿ 8–9 ಇಂಚು ಕೆಳಗೆ.
ಜೀರೋ 250ಕ್ಕಿದ್ದರೆ 100ರಲ್ಲಿ ಸುಮಾರು 3.5, 150ರಲ್ಲಿ ಹೆಚ್ಚುಕಡಿಮೆ 4 ಇಂಚು ಮೇಲೆ, 300ರಲ್ಲಿ 4–5 ಇಂಚು ಕೆಳಗೆ.

ಎಲ್ಲರೂ ನೋಡುವುದು ಪ್ರತಿ ಸಾಲಿನ ಕೊನೆಯ ಅಂಕಿಯನ್ನು. ನೋಡಬೇಕಾದ್ದು ನಡುವಿನ ಉಬ್ಬನ್ನು. ನಿಮ್ಮ ಹೆಚ್ಚಿನ ಈಡು ಬೀಳುವುದು ಆ ಉಬ್ಬಿರುವ ಜಾಗದಲ್ಲೇ.

"100ರಲ್ಲಿ ಮೂರು ಇಂಚು ಮೇಲೆ" ಅಂದರೆ ಜೀರೋ ಸುಮಾರು 235 ಗಜಕ್ಕೆ ಹೋಗಿ ಕೂರುತ್ತದೆ. 300ರಲ್ಲಿ ಆಗಲೂ ಐದೂವರೆ ಇಂಚು ಕೆಳಗೆ ಬೀಳುತ್ತೀರಿ, ಮರೆಯುವ ಹಾಗೇನಿಲ್ಲ. ಅದರ ಬೆಲೆ 150 ಗಜದಲ್ಲಿ ತೆರುತ್ತೀರಿ: ಅಲ್ಲಿ ಗುಂಡು ಮೂರೂಕಾಲು ಇಂಚು ಮೇಲಿದೆ, ಗುಂಪಿನ ಹರಡಿಕೆ ಇನ್ನೊಂದು ಇಂಚು ಸೇರಿಸಬಹುದು. ಜಿಂಕೆಯ ಶ್ವಾಸಕೋಶದ ಜಾಗವನ್ನು 8 ಇಂಚಿನ ವೃತ್ತ ಅಂತ ಹಿಡಿದರೆ ನಡುವಿನಿಂದ ಅಂಚಿಗೆ 4 ಇಂಚು, ಅಷ್ಟೇ. ಸಾಲದ್ದಕ್ಕೆ ಅವಸರದಲ್ಲಿ ಎಲ್ಲರೂ ಎದೆಯ ನಡುವಿಗಿಂತ ಕೊಂಚ ಮೇಲೆಯೇ ಗುರಿ ಹಿಡಿಯುತ್ತಾರೆ. ಗುಂಡು ಬೆನ್ನುಮೂಳೆಯ ಮೇಲಿನ ಮಾಂಸ ಸೀಳಿ ಹೋಗುತ್ತದೆ, ಪ್ರಾಣಿ ಬಿದ್ದಂತೆ ಬಿದ್ದು ಎದ್ದು ಓಡುತ್ತದೆ.

ಗರಿಷ್ಠ ನೇರಗುರಿ ದೂರದ (ಗುರಿ ಎತ್ತದೆ ಇಳಿಸದೆ ನಡುವಿಗೇ ಹಿಡಿದು ಹೊಡೆಯಬಹುದಾದ ದೂರ) ಲೆಕ್ಕವೂ ಇದನ್ನೇ ಹೇಳುತ್ತದೆ. ಮೇಲೆ ಕೆಳಗೆ 3 ಇಂಚು ಬಿಟ್ಟುಕೊಟ್ಟರೆ ನಿಮ್ಮ ಜೀರೋ ಸುಮಾರು 225, ಮಿತಿ 265 ಗಜ. ಬರೀ 2 ಇಂಚು ಬಿಟ್ಟುಕೊಟ್ಟರೆ ಜೀರೋ 200, ಮಿತಿ 230. ಒಂದು ಇಂಚು ಉಬ್ಬು ಕೊಟ್ಟು ಗಳಿಸುವುದು 35 ಗಜ. ಒಂದೂವರೆ ಎಂಒಎ ರೈಫಲ್‌ನ ಗುಂಪು 265 ಗಜದಲ್ಲಿ 4 ಇಂಚು ಅಗಲ ಆಗಿರುತ್ತದೆ, ಅಂದರೆ ನಡುವಿನಿಂದ ಅತ್ತಿತ್ತ 2. ಬಿಟ್ಟುಕೊಟ್ಟ ಮೂರರಲ್ಲಿ ಉಳಿಯುವುದು ಒಂದೇ ಇಂಚು. ಈ ವ್ಯಾಪಾರ ನನಗೆ ಲಾಭದ್ದಾಗಿ ಕಾಣುವುದಿಲ್ಲ.

ನನ್ನ ಮತ 200 ಗಜ. 230ರವರೆಗೆ ಎದೆಯ ನಡುವಿಗೇ ಹಿಡಿಯಿರಿ. 280 ಅಂದಾಗ ಸುಮಾರು 6 ಇಂಚು ಮೇಲೆ ಹಿಡಿಯಬೇಕು, ಅದಕ್ಕೆ ದೂರಮಾಪಕ ಬೇಕೇ ಬೇಕು.

ತಿರುಗುಬಿಲ್ಲೆ:

ಲೆಕ್ಕಕ್ಕೆ ತಕರಾರಿಲ್ಲ. ಆದರೆ ಎತ್ತರದ ಬಿಲ್ಲೆ (ಗುರಿಯನ್ನು ಮೇಲೆ ಕೆಳಗೆ ಸರಿಸುವ ಸ್ಕೋಪಿನ ತಿರುಗಣೆ) ತಿರುಗಿಸಿ ಹೊಡೆಯುವವರಿಗೆ 100ರ ಜೀರೋನೇ ಸರಿ. 100 ಗಜದಲ್ಲಿ ತಾಪ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನುವುದು ಗುಂಡನ್ನು ಅಳೆಯುವಷ್ಟು ಅಲುಗಿಸುವುದಿಲ್ಲ. ಜೀರೋ ಕದ್ದು ಜಾರಿದೆಯಾ ಅನ್ನುವುದನ್ನು ಅಲ್ಲಿ ಐದು ನಿಮಿಷದಲ್ಲಿ ಪರೀಕ್ಷಿಸಬಹುದು, 200 ಗಜದ ಜಾಗ ಹುಡುಕುತ್ತಾ ಹೋಗಬೇಕಿಲ್ಲ.

ನಿಮ್ಮ ತೋಟಾಕ್ಕೆ 100ರಿಂದ 200ಕ್ಕೆ ಸುಮಾರು 2 ಎಂಒಎ, ಅಂದರೆ 8 ಕ್ಲಿಕ್. 300ಕ್ಕೆ ನಾಲ್ಕೂವರೆ ಚಿಲ್ಲರೆ, 18 ಕ್ಲಿಕ್. ಆದರೆ ಬಿಲ್ಲೆಯ ಮೇಲೆ ಅಂಕಿ ಕೆತ್ತಿರಬೇಕು, ಸೊನ್ನೆಯಲ್ಲಿ ಗಟ್ಟಿಯಾಗಿ ನಿಲ್ಲುವ ತಡೆ ಇರಬೇಕು. ಇಲ್ಲದಿದ್ದರೆ ಒಂದು ಸುತ್ತು ಹೆಚ್ಚೋ ಕಡಿಮೆಯೋ ಅಂತ ಕತ್ತಲಲ್ಲಿ ತಿಳಿಯುವುದಿಲ್ಲ. ಮುಚ್ಚಳ ತೆಗೆದು ನಾಣ್ಯದಿಂದ ತಿರುಗಿಸುವ ಸಾಮಾನ್ಯ 3–9 ಸ್ಕೋಪ್ ಈ ಕೆಲಸಕ್ಕಲ್ಲ.

ಇದರ ಅಪಾಯವೂ ಕೇಳಿ. 300ಕ್ಕೆ ತಿರುಗಿಸಿಟ್ಟು ವಾಪಸ್ ತರುವುದು ಮರೆತಿರಿ ಅನ್ನಿ, ಮುಂದಿನ ಪ್ರಾಣಿ 150ರಲ್ಲಿ ಎದ್ದು ನಿಂತರೆ ಗುಂಡು 6 ಇಂಚು ಮೇಲೆ ಹೋಗುತ್ತದೆ. ಹಾಗಾಗಿ ಈಡು ಮುಗಿದ ಕೂಡಲೇ ಬೋಲ್ಟ್ ಎಳೆ, ಬಿಲ್ಲೆ ಸೊನ್ನೆಗೆ ತಾ. ಎರಡೂ ಒಂದೇ ಚಲನೆಯ ಹಾಗೆ ಕೈಗೆ ಹತ್ತಬೇಕು.

ಬಿಡಿಸಿ ಗುರುತಿಸಿದ ಗೆರೆಗಳಿರುವ ರೆಟಿಕಲ್ (ಸ್ಕೋಪಿನೊಳಗೆ ಕಾಣುವ ಗುರಿಗೆರೆ) ಆಗಿದ್ದರೆ ಚರ್ಚೆಗೆ ಅವಕಾಶವೇ ಇಲ್ಲ: ತಯಾರಕರು ಯಾವ ದೂರ ಹೇಳಿದ್ದಾರೋ ಅದೇ ಜೀರೋ. ರೆಟಿಕಲ್ ಹಿಂದಿನ ನಾಭಿತಲದಲ್ಲಿದ್ದರೆ (ವರ್ಧನೆ ಬದಲಿಸಿದರೂ ಗೆರೆಗಳ ಗಾತ್ರ ಬದಲಾಗದಿದ್ದರೆ) ಆ ಗೆರೆಗಳ ಲೆಕ್ಕ ಒಂದೇ ವರ್ಧನೆಗೆ ಕೂಡಿಬರುತ್ತದೆ, ಸಾಮಾನ್ಯವಾಗಿ ಅತಿ ಹೆಚ್ಚಿನದಕ್ಕೆ. 4ರಲ್ಲಿಟ್ಟು ಕೆಳಗಿನ ಗೆರೆ ಹಿಡಿದರೆ ಎಲ್ಲೋ ಹೊಡೆಯುತ್ತೀರಿ.

ಮರಳುಚೀಲ:

ದೂರ ಆಯ್ದಾಯಿತು. ಕೂರಿಸುವಾಗಲೇ ಹೆಚ್ಚಿನವರು ಕೆಡಿಸಿಕೊಳ್ಳುವುದು, ಅದನ್ನು ಹೇಳುತ್ತೇನೆ.

ರೈಫಲ್ ಖಾಲಿ ಇದೆಯೇ ನೋಡಿ, ಮೊದಲು ಸ್ಕ್ರೂ. ಸ್ಕೋಪ್ ಹಿಡಿದಿರುವ ರಿಂಗಿನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15–18 ಇಂಚು-ಪೌಂಡ್, ತಯಾರಕರ ಹಾಳೆ ಬೇರೆ ಹೇಳಿದರೆ ಅದು. ರಿಂಗಿನಡಿಯ ಬೇಸ್ ಸ್ಕ್ರೂಗಳ ಎಣ್ಣೆ ಒರೆಸಿ ಬಿಗಿ ಮಾಡಿ. ರೈಫಲ್‌ನ ಯಂತ್ರಭಾಗವನ್ನು ಸ್ಟಾಕಿಗೆ ಹಿಡಿದಿರುವ ಆಕ್ಷನ್ ಸ್ಕ್ರೂ ನೋಡುವುದನ್ನು ನೂರಕ್ಕೆ ತೊಂಬತ್ತು ಮಂದಿ ಬಿಟ್ಟಿರುತ್ತಾರೆ, ಆಮೇಲೆ ಸ್ಕೋಪಿಗೆ ಬೈಯುತ್ತಾರೆ. ಕ್ರಾಸ್‌ಹೇರ್ ವಾಲಿದ್ದರೆ ಎತ್ತರ ಕೊಟ್ಟಷ್ಟೂ ಗುಂಡು ಪಕ್ಕಕ್ಕೆ ಸರಿಯುತ್ತದೆ, ತೂಗುಗುಂಡಿನ ದಾರಕ್ಕೆ ಹೊಂದಿಸಿಕೊಳ್ಳಿ.

ಬೋಲ್ಟ್ ಕಳಚಿ ನಳಿಗೆಯೊಳಗಿಂದ 25 ಗಜದ ಗುರಿ ನೋಡಿ. ರೈಫಲ್ ಅಲುಗಿಸದೆ ಕ್ರಾಸ್‌ಹೇರನ್ನು ಅದೇ ಗುರಿಗೆ ತನ್ನಿ. ಈಗ ಒಂದು ಈಡು. 25 ಗಜದಲ್ಲಿ ಕಾಲು ಎಂಒಎ ಕ್ಲಿಕ್ ಸರಿಸುವುದು ಇಂಚಿನ ಹದಿನಾರನೇ ಒಂದು ಭಾಗ ಮಾತ್ರ. ಎರಡು ಇಂಚು ತರಬೇಕೆಂದರೆ 32 ಕ್ಲಿಕ್. "ಎಂಟು ಕ್ಲಿಕ್ ಕೊಟ್ಟೆ, ಸ್ಕೋಪ್ ಕೆಲಸ ಮಾಡುತ್ತಿಲ್ಲ" ಅನ್ನುವ ದೂರು ಇಲ್ಲಿಂದಲೇ ಹುಟ್ಟುವುದು.

ಆಮೇಲೆ 100 ಗಜ. ಮುಂದಿನ ಚೀಲ ಸ್ಟಾಕಿನ ಮುಂಭಾಗದ ಕೆಳಗಿರಲಿ, ನಳಿಗೆ ಏನನ್ನೂ ತಾಗಬಾರದು. ನಳಿಗೆ ಚೀಲದ ಮೇಲೆ ಕೂತರೆ ಗುಂಡನ್ನು ಸಾಮಾನ್ಯವಾಗಿ ಮೇಲೆ ಎಸೆಯುತ್ತದೆ. ಬೇಟೆ ರೈಫಲ್‌ನ ಸಣಕಲು ನಳಿಗೆ ಮೂರು ಈಡಿಗೇ ಬಿಸಿಯಾಗುತ್ತದೆ. ಬರಿಗೈಯಲ್ಲಿ ಹಿಡಿದುಕೊಳ್ಳಲು ಆಗದಿದ್ದರೆ ಮುಂದಿನದು ಹೊಡೆಯಬೇಡಿ, ಬೋಲ್ಟ್ ತೆರೆದು ನೆರಳಲ್ಲಿಡಿ.

ಮೂರು ತೂತು ನೋಡಿ ಬಿಲ್ಲೆ ತಿರುಗಿಸಬೇಡಿ. ಒಂದೂವರೆ ಇಂಚು ಹರಡುವ ರೈಫಲ್‌ನಲ್ಲಿ ಮೂರು ಈಡಿನ ನಡುಬಿಂದು ನಿಜವಾದ ನಡುವಿನಿಂದ ಅರ್ಧ ಇಂಚು ಆಚೀಚೆ ಇರುವುದು ಅಪರೂಪವೇನಲ್ಲ. ತಣ್ಣಗಾದ ನಳಿಗೆಯಿಂದ ಹತ್ತು ಈಡು, ಒಂದೇ ಹಾಳೆಗೆ, ಬೇಕಾದರೆ ಎರಡು ಸಲಕ್ಕೆ ಹಂಚಿ. ಹತ್ತರ ನಡುಬಿಂದು ಗುರುತಿಸಿ, ಅದನ್ನು ಸರಿಸಿ. ಎಲ್ಲಕ್ಕಿಂತ ಅಂದದ ಎರಡು ತೂತು ಆಯ್ದುಕೊಂಡು ಉಳಿದದ್ದನ್ನು "ಕೈ ಅಲುಗಿತು" ಅಂತ ಬಿಡುವ ಚಾಳಿ ಬೇಡ.

ಕೊನೆಗೆ 200ಕ್ಕೆ ಹೋಗಿ ಹೊಡೆದು ನೋಡಿ. 100ರಲ್ಲಿ ಎರಡು ಇಂಚು ಮೇಲೆ ಇದ್ದ ಮಾತ್ರಕ್ಕೆ 200ರಲ್ಲಿ ಕೂತಿದೆ ಅಂತ ಭಾವಿಸುವುದು ಅರ್ಧ ಕೆಲಸ. ಅಲ್ಲಿ ಗಾಳಿ ಬಗ್ಗೆ ಎಚ್ಚರ: ಗಂಟೆಗೆ 10 ಮೈಲಿಯ ಅಡ್ಡಗಾಳಿ ನಿಮ್ಮ ಗುಂಡನ್ನು 200ರಲ್ಲಿ ಸುಮಾರು 3 ಇಂಚು, 300ರಲ್ಲಿ 7 ಇಂಚಿನ ಹತ್ತಿರ ತಳ್ಳುತ್ತದೆ. ಗಾಳಿಯ ದಿನ ಅಡ್ಡಬಿಲ್ಲೆ ಮುಟ್ಟಲೇಬೇಡಿ, ಎತ್ತರ ಮಾತ್ರ ನೋಡಿ.

ನಳಿಗೆ ಉಜ್ಜಿ ಎಣ್ಣೆ ಹಚ್ಚಿಟ್ಟಿದ್ದರೆ ಮೊದಲ ಈಡು ಬೇರೆ ಕಡೆ ಬೀಳಬಹುದು. ಬೇಟೆಗೆ ಹೋಗುವ ಸ್ಥಿತಿಯಲ್ಲೇ, ಅಂದರೆ ಒಂದೆರಡು ಈಡು ಹೊಡೆದು ಕೊಳೆಯಾದ ತಣ್ಣನೆಯ ನಳಿಗೆಯಿಂದ, ಮೊದಲ ಗುಂಡು ಎಲ್ಲಿ ಬೀಳುತ್ತದೆ ಅಂತ ಬೇರೆ ಬೇರೆ ದಿನ ಒಂದೊಂದು ಹೊಡೆದು ಒಂದೇ ಹಾಳೆಯಲ್ಲಿ ಸೇರಿಸಿಡಿ. ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ಆ ಹಾಳೆ.

ತೋಟಾ ಬದಲಾಯಿಸಿದರೆ ಮೊದಲಿಂದ. ತೂಕ ಅದೇ 180 ಗ್ರೇನ್ ಇದ್ದರೂ ತಯಾರಕರು ಬೇರೆಯಾದರೆ ಗುಂಪು ಇಂಚುಗಟ್ಟಲೆ ಜಾಗ ಬದಲಿಸಬಹುದು.

ಹೆಗ್ಗುಂಡು:

ಮೇಲಿನದೆಲ್ಲ .30-06ಗೆ ಸರಿ, ಇದನ್ನೇ ದಪ್ಪ ಗುಂಡಿಗೆ ಹೊತ್ತುಕೊಂಡು ಹೋಗಬೇಡಿ. .375 ಎಚ್ ಅಂಡ್ ಎಚ್, 300 ಗ್ರೇನ್, 2,530 ಅಡಿ: 200ಕ್ಕೆ ಜೀರೋ ಇಟ್ಟರೆ 100ರಲ್ಲಿ ಎರಡೂವರೆ ಇಂಚು ಮೇಲೆ. ಬಯಲಿನ ಪ್ರಾಣಿಗೆ ನಡೆಯುತ್ತದೆ. ಕಾಡೆಮ್ಮೆಯಂಥದ್ದನ್ನು 100 ಗಜದೊಳಗೆ ಹೊಡೆಯುವುದಾದರೆ 100ಕ್ಕೇ ಇಡಿ, 200ರಲ್ಲಿ 5 ಇಂಚು ಕೆಳಗೆ ಅಂತ ನೆನಪಿಟ್ಟುಕೊಳ್ಳಿ. .458 ವಿನ್‌ಚೆಸ್ಟರ್ ಮ್ಯಾಗ್ನಮ್ 500 ಗ್ರೇನ್ ಗುಂಡು 100ರ ಜೀರೋದಿಂದ 200ಕ್ಕೆ ಹೋಗುವಷ್ಟರಲ್ಲಿ ಎಂಟು-ಹತ್ತು ಇಂಚು ಬಿದ್ದಿರುತ್ತದೆ. ಅದಕ್ಕೆ 200ರ ಜೀರೋ ಯೋಚನೆಯೇ ಬೇಡ. ಲೋಹದ ಸೈಟ್ ಇದ್ದರೆ 50 ಗಜ ಸಾಕು.

ಇನ್ನೊಂದು: ಗುಡ್ಡದ ಮೇಲಕ್ಕಾಗಲಿ ಕೆಳಕ್ಕಾಗಲಿ ಹೊಡೆದರೆ ಗುಂಡು ಎರಡೂ ಸಲ ಮೇಲೆಯೇ ಬೀಳುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ 280 ಗಜ ಅಂದರೆ ಸಮತಲದ ಲೆಕ್ಕ 240ರ ಆಸುಪಾಸು. 100ರಲ್ಲಿ ಮೂರು ಇಂಚು ಮೇಲಿಟ್ಟವರು ಇದನ್ನೂ ಮರೆತರೆ ಬೆನ್ನ ಮೇಲೆ ಹಾರಿಸುತ್ತಾರೆ.

ಬೋಲ್ಟ್‌ಹಿಡಿ:

200 ಅಂತ ತೀರ್ಮಾನಿಸಿದೆ. 100ರಲ್ಲಿ ಎರಡು ಇಂಚು ಮೇಲೆ ಬಂತು (ಮೂರು ಈಡು ಮಾತ್ರ, ಒಪ್ಪಿಕೊಳ್ಳುತ್ತೇನೆ). 200ರಲ್ಲಿ ಇನ್ನು ಮೂರು, ಅವು ಸೊನ್ನೆಯಲ್ಲಿಲ್ಲ, ಎರಡು ಇಂಚು ಕೆಳಗೆ. ತೋಟಾ ಪೆಟ್ಟಿಗೆಯ ವೇಗ ಸುಳ್ಳಾ?

ಪಥಗಣಿತ:

ಸ್ವಲ್ಪ ಸುಳ್ಳು, ಆದರೆ ಕಾರಣ ಅದಲ್ಲ. ಪೆಟ್ಟಿಗೆಯ ಅಂಕಿ ಸಾಮಾನ್ಯವಾಗಿ 24 ಇಂಚಿನ ನಳಿಗೆಯದ್ದು. ನಿಮ್ಮದು 22, ಇಂಚಿಗೆ 25 ಅಡಿ ಕಳೆದರೆ 2,650. ಪೂರ್ತಿ 100 ಅಡಿ ಕಡಿಮೆ ಅಂತಲೇ ಹಿಡಿಯಿರಿ: 100ರಲ್ಲಿ ಎರಡು ಇಂಚು ಮೇಲಿದ್ದರೆ 200ರಲ್ಲಿ ಕೆಳಗೆ ಹೋಗುವುದು ಅರ್ಧ ಇಂಚಿಗಿಂತ ಕಡಿಮೆ. ಉಳಿದ ಒಂದೂವರೆ ಇಂಚು ಎಲ್ಲಿಂದ ಬಂತು? ಮರಳುಚೀಲ ಅವರು ಹೇಳಿದ್ದರಿಂದ. 100ರ ನಡುಬಿಂದು ನಿಜದಲ್ಲಿ ಒಂದೂವರೆ ಇಂಚು ಮೇಲಿದ್ದಿರಬಹುದು, ಆ ಅರ್ಧ ಇಂಚು 200ರಲ್ಲಿ ಒಂದು ಇಂಚು. 200ರಲ್ಲಿ ಹೊಡೆದ ಮೂರೂ ತಮ್ಮ ಪಾಲಿನ ಸುಳ್ಳು ಸೇರಿಸಿವೆ. ಪ್ಯಾರಲಾಕ್ಸ್ ಕೂಡ ನೋಡಿ: ಕಣ್ಣು ಅತ್ತಿತ್ತ ಸರಿಸಿದಾಗ ಕ್ರಾಸ್‌ಹೇರ್ ಗುರಿಯ ಮೇಲೆ ತೇಲಿದರೆ ಪ್ಯಾರಲಾಕ್ಸ್ ಇದೆ ಅಂತ, ಆಗ ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರದಿದ್ದರೆ ಗುಂಡು ಜಾಗ ಬದಲಿಸುತ್ತದೆ.

ಬಿಲ್ಲೆ ಮುಟ್ಟುವ ಮೊದಲು 200ರಲ್ಲೇ ಇನ್ನು ಏಳು ಹೊಡೆಯಿರಿ. ಹತ್ತರ ನಡುಬಿಂದು ಆಗಲೂ ಎರಡು ಇಂಚು ಕೆಳಗಿದ್ದರೆ ನಾಲ್ಕು ಕ್ಲಿಕ್ ಮೇಲೆ, ಏಕೆಂದರೆ ಅಲ್ಲಿ ಒಂದು ಕ್ಲಿಕ್ ಅರ್ಧ ಇಂಚು. ಒಂದೇ ಇಂಚಾಗಿ ಉಳಿದರೆ ಎರಡು ಕ್ಲಿಕ್. ಆಮೇಲೆ 100ಕ್ಕೆ ಬಂದು ಅಲ್ಲಿ ಎಷ್ಟು ಮೇಲೆ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಪರೀಕ್ಷಿಸುವಾಗ ನಮ್ಮ ಎರಡು ಇಂಚಲ್ಲ, ನಿಮ್ಮ ರೈಫಲ್ ತೋರಿಸಿದ ಆ ಅಂಕಿಯನ್ನೇ ಹಿಡಿಯಿರಿ.